ಮನುಷ್ಯರದ್ದು, ಮನುಷ್ಯರಿಗಲ್ಲ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಸೀಸೆಯಿಂದಲೋ, ಹೊಟ್ಟೆಯಿಂದಲೋ? ಮೊದಲ ಕರಡಿನಲ್ಲಿ ಸೀಸೆಯಿಂದ ಶುರು ಮಾಡಿದ್ದೆ. ಎಂಜೈಮ್ ಎಂದರೇನು, ಮನುಷ್ಯನ ಜೀನನ್ನು ಬೇರೆ ಜೀವಕೋಶದೊಳಗೆ ಸೇರಿಸಿ ಅದನ್ನು ಹೇಗೆ ತಯಾರಿಸುತ್ತಾರೆ ಎಂದು ಒಂದೂವರೆ ಪುಟ ಕೊರೆದಿದ್ದೆ. ಎಮಿಲಿಯಾ ಓದಿ ಹಾಳೆ ಮಡಚಿಟ್ಟಳು.

"ಇದೆಲ್ಲ ಎಂತಕ್ಕೆ ಮಾರಾಯ್ರೆ? ನನ್ನ ಮಗಳ ಹೊಟ್ಟೆ ಎಲ್ಲುಂಟು ಇದರಲ್ಲಿ?"

(ಪಾತ್ರಗಳಿಗೆ ಕರಡು ಓದಲು ಕೊಡಬಾರದು. ಬುದ್ಧಿ ಬಂತು.)

೨
ಸರಿ, ಹೊಟ್ಟೆ. ೧೯೯೮. ಬಂದ್ಯೋಡಿನಲ್ಲಿ ಬಟ್ಟೆ ಹೊಲಿಯುವ ಎಮಿಲಿಯಾಳ ಮಗಳು ಜೋಸ್ಫಿನ್‌ಗೆ ಎಂಟು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಶಾಲೆಯ ಲಂಗವನ್ನು ತಾಯಿ ಆ ವರ್ಷ ನಾಲ್ಕು ಸಲ ಬಿಚ್ಚಿ ಹೊಲಿದಳು. ಮಂಗಳೂರಿನ ಡಾಕ್ಟರರು ಹೊಟ್ಟೆಯೊಳಗಿನ ಗುಲ್ಮ ಬಾತಿದೆ, ಮೈಯಲ್ಲಿ ಒಂದು ಎಂಜೈಮ್ ಇಲ್ಲ ಎಂದರು. ಔಷಧಿ ಅಮೆರಿಕದಲ್ಲಿದೆ, ನಮ್ಮ ಕೈಗೆಟಕುವುದಲ್ಲ ಎಂದು ಕನ್ನಡಕ ತೆಗೆದು ಒರೆಸಿದರು.

'ಇಲ್ಲ' ಎಂಬುದು ಎಮಿಲಿಯಾಳಿಗೆ ಅರ್ಥವಾಗುವ ಕಾಯಿಲೆ. ಇಲ್ಲದ್ದನ್ನು ತರಿಸಿಕೊಂಡರಾಯಿತು! ಬಹರೈನಿನ ಲ್ಯಾಬೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ತಮ್ಮ ರೆಜಿನಾಲ್ಡ್‌ಗೆ ಎಂಜೈಮಿನ ಹೆಸರು ಬರೆದು ಹಾಕಿದಳು. ರಜೆಗೆ ಬಂದವನ ಥರ್ಮಾಸಿನೊಳಗೆ ಐಸು, ಐಸಿನೊಳಗೆ ಸೀಸೆ. ಇದು ಕದ್ದು ತಂದದ್ದೇನಪ್ಪಾ ಎಂದು ಕೇಳಿದೆ. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

೩
ಚುಚ್ಚಬೇಕಾದವರು ಪಕ್ಕದ ಮನೆಯ ಪ್ರೇಮಾವತಿ, ನಿವೃತ್ತ ನರ್ಸ್. ಅವರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಚಿಟಿಕೆಗೂ ಕಡಿಮೆ ಬಿಳಿ ಪುಡಿ.

"ಹ್ಯೂಮನ್ ಅಂತ ಉಂಟಲ್ಲ, ಪ್ರೇಮಕ್ಕ?" ಅಷ್ಟು ಇಂಗ್ಲಿಷ್ ಎಮಿಲಿಯಾಳಿಗೆ ಬರುತ್ತಿತ್ತು.

"ಉಂಟು ಎಮಿಲಿಯಾ ಬಾಯೀ. ಅದು ಮನುಷ್ಯರದ್ದು ಅಂತ. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿ, ಸಂಶೋಧನೆಗೆ ಮಾತ್ರ. ಮನುಷ್ಯರಿಗೆ ಕೊಡ್ಲಿಕ್ಕಿಲ್ಲ."

"ಮನುಷ್ಯರದ್ದು, ಮನುಷ್ಯರಿಗಲ್ಲ! ಮತ್ತೆ ಯಾರಿಗೆ, ನಾಯಿಗಾ?"

"ಪರೀಕ್ಷೆ ಮಾಡುವವರಿಗೆ. ಇದರಲ್ಲಿ ಬೇರೆ ಎಂತೆಲ್ಲ ಸೇರಿದೆಯೋ ಯಾರಿಗೆ ಗೊತ್ತು? ರಕ್ತಕ್ಕೆ ಹೋದ್ರೆ ಮಗು ಅಲ್ಲೇ ಹೋದೀತು. ನಾನು ಚುಚ್ಚುದಿಲ್ಲ."

(ಪ್ರೇಮಾವತಿಗೆ ಗೊತ್ತಿಲ್ಲದ ಇನ್ನೊಂದು ವಿಷಯ. ಸೀಸೆಯಲ್ಲಿರುವುದು ಹತ್ತು ಮೈಕ್ರೋಗ್ರಾಂ. ಮಗುವಿನ ಒಂದು ಡೋಸಿಗೆ ಇಂಥ ಸೀಸೆಗಳು ಸಾವಿರಗಟ್ಟಲೆ ಬೇಕು, ಅದೂ ಹದಿನೈದು ದಿನಕ್ಕೊಮ್ಮೆ, ಬದುಕಿರುವವರೆಗೆ. ಇದನ್ನು ಎಮಿಲಿಯಾಳಿಗೆ ಹೇಳುವ ಧೈರ್ಯ ನನಗಿಲ್ಲ. ನಾನು ಹೇಡಿ.)

೪
ಅಂತ್ಯ ಒಂದು: ಎಮಿಲಿಯಾ ತಾನೇ ಚುಚ್ಚುತ್ತಾಳೆ, ಹೊಟ್ಟೆ ಇಳಿಯುತ್ತದೆ. (ಹರಿದು ಹಾಕಿದೆ.)

ಅಂತ್ಯ ಎರಡು: ಚುಚ್ಚುತ್ತಾಳೆ. ಜೋಸ್ಫಿನ್ "ಮಮ್ಮಿ, ಚಳಿ" ಎನ್ನುತ್ತಾಳೆ. ಮುಂದಿನ ಸಾಲು ಬರೆಯಲಾಗಲಿಲ್ಲ.

ಅಂತ್ಯ ಮೂರು: ಯಾರೂ ಚುಚ್ಚುವುದಿಲ್ಲ. ಕ್ರಿಸ್ಮಸ್ಸಿಗೆ ಮೊದಲೇ ಮಗು ತೀರಿಕೊಳ್ಳುತ್ತದೆ. ವಿಮರ್ಶಕರಿಗೆ ಇದು ಹಿಡಿಸೀತು. ನನಗೆ ಹಿಡಿಸಲಿಲ್ಲ.

ಎಮಿಲಿಯಾ ಮೂರನ್ನೂ ಓದಿದಳು. ಅಳಲಿಲ್ಲ.

"ನೀವು ಬರೆಯುವ ಜನ. ಆ ಸಣ್ಣ ಅಕ್ಷರದ ಸಾಲು ಒಂದನ್ನು ಹೊಡೆದು ಹಾಕ್ಲಿಕ್ಕೆ ಆಗುದಿಲ್ವಾ? ಒಂದೇ ಗೆರೆ."

ಆಗುತ್ತದೆ. ಕಥೆಗಾರನಿಗೆ ಅದೊಂದೇ ಅಲ್ಲವೇ ಆಗುವುದು? ಹೊಡೆದೆ.

೫
ಈಗ ಪ್ರೇಮಾವತಿ ಲೇಬಲ್ಲನ್ನು ಎರಡು ಸಲ ಓದಿ, "ಸರಿ, ಇದು ಮನುಷ್ಯರಿಗೇ" ಎಂದು ಗಾಜಿನ ಸಿರಿಂಜನ್ನು ಕುದಿಯಲು ಇಟ್ಟಿದ್ದಾರೆ. ಅವರು ನನ್ನನ್ನು ನಂಬಿದ್ದಾರೆ. ಸೀಸೆಯೊಳಗಿನ ಪುಡಿ ಮಾತ್ರ ಹಿಂದಿನದ್ದೇ. ಅದು ನನಗೆ ಗೊತ್ತು, ಈಗ ನಿಮಗೂ ಗೊತ್ತು. ಹೊಡೆದ ಸಾಲನ್ನು ಮತ್ತೆ ಬರೆಯೋಣವೆಂದರೆ ಎಮಿಲಿಯಾ ನನ್ನ ಪೆನ್ನು ಕಿತ್ತುಕೊಂಡಿದ್ದಾಳೆ. ಇನ್ನೊಂದು ಕೈಯಲ್ಲಿ ಮಗಳ ತೋಳನ್ನು ಹಿಡಿದಿದ್ದಾಳೆ.

ಜೋಸ್ಫಿನ್ ನನ್ನ ಕಡೆ ತಿರುಗಿ ಕೇಳುತ್ತಾಳೆ, "ನೋಯ್ತದಾ ಅಂಕಲ್?"

ನೀರು ಕುದಿಯುತ್ತಲೇ ಇದೆ.