ಕರಿಹಲಗೆಯ ಮೇಲಿನ ರೊಟ್ಟಿ

ನಾನೊಂದು ಕರಿಹಲಗೆ. ಹುಟ್ಟಿದ್ದು ಬಡಿಗೇರ ಮೌನೇಶನ ಅಂಗಳದಲ್ಲಿ, ಯಾರದೋ ಮನೆಯ ಬಾಗಿಲಿಗೆಂದು ತಂದು ಮಿಕ್ಕಿದ್ದ ಬೇವಿನ ಹಲಗೆಗಳಿಂದ. ಬಾಗಿಲಾಗಿದ್ದರೆ ನಾಲ್ಕು ಜನರನ್ನು ಒಳಗಾದರೂ ಬಿಟ್ಟುಕೊಳ್ಳುತ್ತಿದ್ದೆ. ನನಗೆ ಕಪ್ಪು ಬಳಿದು ಊರ ಕನ್ನಡ ಶಾಲೆಯ ಗೋಡೆಗೆ ತೂಗುಹಾಕಿದರು.

ಮೊದಲು ನನ್ನ ಮೇಲೆ ಬರೆದವರು ಗದಿಗೆಪ್ಪ ಮಾಸ್ತರರು. ಪ್ರಶ್ನೆ ಬರೆಯುವರು, ಕೆಳಗೆ ಉತ್ತರ ಬರೆಯುವರು, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವರು. ಒಮ್ಮೆ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿ ಮನೆಗೆ ಹೋದರು. ಇಡೀ ತರಗತಿ ಆ ಅರ್ಧವನ್ನೇ ಬಾಯಿಪಾಠ ಮಾಡಿತು. ಅಷ್ಟೂ ಮಕ್ಕಳು ನನ್ನನ್ನೇ ನೋಡುತ್ತಿದ್ದರಲ್ಲ, ನಾನಂತೂ ಉಬ್ಬಿಹೋಗಿದ್ದೆ.

ಅವರ ನಂತರ ಇಂದುಮತಿ ಅಕ್ಕೋರು ಬಂದರು. ಅವರಿಗೆ ಒಂದೇ ಹುಚ್ಚು. ಒಂದು ಸಂಗತಿ ಹೇಗೆ ಆಗುತ್ತದೆ, ಯಾಕೆ ಆಗುತ್ತದೆ ಎಂಬುದನ್ನು ನಾಲ್ಕನೇ ತರಗತಿಯ ಮಕ್ಕಳು ತಮ್ಮ ಮಾತಿನಲ್ಲೇ ವಿವರಿಸಿ ಬರೆಯಬೇಕು. ಮಾದರಿಗೆಂದು, ಮಡಕೆಯ ನೀರು ಯಾಕೆ ತಂಪಾಗಿರುತ್ತದೆ ಎಂದು ನನ್ನ ಮೇಲೆ ಬರೆದರು. ಇದೇ ರೀತಿ ಬೇರೆ ಏನಾದರೂ ಬರೆಯಿರಿ ಎಂದರು. ಎಲ್ಲರೂ ಮಡಕೆಯನ್ನೇ ಬರೆದು ತಂದರು. ಅಕ್ಕೋರು ತಪ್ಪಾಗಿ ಬರೆದು ಗೆರೆ ಎಳೆದಿದ್ದ ಶಬ್ದವನ್ನೂ ಮಕ್ಕಳು ಬಿಡದೆ ಬರೆದು, ಅದರ ಮೇಲೆ ತಾವೂ ಗೆರೆ ಎಳೆದಿದ್ದರು.

ಮರುದಿನ ಅಕ್ಕೋರು ನನ್ನನ್ನು ಒರೆಸಿ ಹಾಗೆಯೇ ಬಿಟ್ಟರು. ಮನೆಯಲ್ಲಿ ಕಂಡದ್ದನ್ನು ಬರೆಯಿರಿ ಎಂದರು. ಮಕ್ಕಳು ಪೆನ್ಸಿಲ್ ಹಿಡಿದು ನನ್ನತ್ತಲೇ ನೋಡುತ್ತ ಕುಳಿತರು. ಬಹಳ ದಿನ ಇದೇ ನಡೆಯಿತು, ಅಕ್ಕೋರ ಮುಖ ಬಾಡುತ್ತ ಹೋಯಿತು. ಕೊನೆಗೊಂದು ದಿನ ಫಕೀರವ್ವ ಎಂಬ ಹುಡುಗಿ ತಲೆ ತಗ್ಗಿಸಿ ಬರೆಯತೊಡಗಿದಳು. ನನ್ನ ಕಡೆ ನೋಡದೆ ಬರೆದ ಮಗುವನ್ನು ನಾನು ಕಂಡದ್ದು ಅದೇ ಮೊದಲು.

ಅಕ್ಕೋರು ಅದನ್ನು ಗಟ್ಟಿಯಾಗಿ ಓದಿದರು. ಅವ್ವ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಾಳೆ. ಹಂಚಿನ ಮೇಲೆ ಆ ನೀರು ಹಬೆಯಾಗುತ್ತದೆ. ಹಬೆ ಒಳಗೇ ಸಿಕ್ಕಿಕೊಂಡು ರೊಟ್ಟಿಯನ್ನು ಉಬ್ಬಿಸುತ್ತದೆ. ತೂತು ಬಿದ್ದರೆ ಉಬ್ಬುವುದಿಲ್ಲ, ಅವ್ವ ಬೈಯುತ್ತಾಳೆ. ಓದಿ ಮುಗಿಸುವಷ್ಟರಲ್ಲಿ ಅಕ್ಕೋರ ಕಣ್ಣು ತುಂಬಿದ್ದವು.

ಅದೇ ಹೊತ್ತಿಗೆ ತಪಾಸಣೆಯ ಸಾಹೇಬರು ಬಂದರು. ಮೊದಲು ನೋಡಿದ್ದು ನನ್ನನ್ನೇ. ಹಲಗೆ ಖಾಲಿಯಿದ್ದರೆ ಪಾಠವೇ ನಡೆದಿಲ್ಲ ಎಂದು ಅವರ ಲೆಕ್ಕ. ಮಕ್ಕಳ ಪುಸ್ತಕಗಳಲ್ಲೂ ಆ ದಿನದ ಪುಟ ಖಾಲಿ, ಫಕೀರವ್ವನದೊಂದನ್ನು ಬಿಟ್ಟು. ಅದರ ತುಂಬ ಕಾಗುಣಿತದ ತಪ್ಪು. ಅಕ್ಕೋರು ಏನೋ ಹೇಳಹೋದರು. ಸಾಹೇಬರು ಕೆಟ್ಟವರೇನಲ್ಲ, ನಗುತ್ತಲೇ ತಡೆದರು.

"ಹುಡುಗಿ ಛಲೋ ಬರದಾಳ್ರಿ. ತಿದ್ದಿ ಹಲಗಿ ಮ್ಯಾಲ ಬರೀರಿ, ಎಲ್ಲಾರೂ ಬರಕೊಳ್ಳಲಿ."

ಅಕ್ಕೋರು ಬರೆದರು. ಅವ್ವ ಬೈಯುವ ಸಾಲು ಬೇಡ ಎಂದು ಸಾಹೇಬರೇ ಅದನ್ನು ತೆಗೆಸಿದರು. ಎಲ್ಲರೂ ಬರೆದುಕೊಂಡರು. ಫಕೀರವ್ವ ತಾನು ಬರೆದದ್ದಕ್ಕೆ ಗೆರೆ ಎಳೆದು, ಅದರ ಕೆಳಗೆ ನನ್ನನ್ನು ನೋಡಿ ಬರೆದುಕೊಂಡಳು.

ಕೆಲವು ದಿನ ಬಿಟ್ಟು ಅಕ್ಕೋರು ಅವಳನ್ನು ಹತ್ತಿರ ಕೂರಿಸಿಕೊಂಡು, ಒದ್ದೆ ಬಟ್ಟೆ ಯಾಕೆ ಒಣಗುತ್ತದೆ ಬರಿ ನೋಡೋಣ ಎಂದರು. ಫಕೀರವ್ವ ಪೆನ್ಸಿಲ್ ಎತ್ತಿ ನನ್ನತ್ತ ನೋಡಿದಳು.

"ನೀವಽ ಹಲಗಿ ಮ್ಯಾಲ ಬರೀರಿ ಅಕ್ಕೋರ. ನಂದು ತಪ್ಪ ಆಗತೈತಿ."

ಅಕ್ಕೋರು ಎದ್ದು ಬಳಪ ತೆಗೆದುಕೊಂಡರು.

ಈಗ ತರಗತಿಗೆ ಹಸಿರು ಹಲಗೆ ಬಂದಿದೆ. ನಾನು ಬಿಸಿಯೂಟದ ಅಕ್ಕಿ ಇಡುವ ಕೋಣೆಯಲ್ಲಿ ಗೋಡೆಗೆ ಒರಗಿದ್ದೇನೆ, ಇಲಿಗಳು ನನ್ನ ಅಂಚು ಕಡಿಯುತ್ತವೆ. ಮಕ್ಕಳಿಗೆ ಬರೆಯುವುದನ್ನು ಕಲಿಸಲೆಂದು ನನ್ನನ್ನು ಮಾಡಿದರು. ನಾನು ಖಾಲಿಯಿದ್ದಾಗ ಒಂದೇ ಒಂದು ಮಗು ಕಲಿತಿತ್ತು, ಅದನ್ನೂ ನಾನೇ ಮರೆಸಿದೆ. ಇಂದುಮತಿ ಅಕ್ಕೋರು ಇನ್ನೂ ಇದೇ ಶಾಲೆಯಲ್ಲಿದ್ದಾರೆ, ತಲೆ ನರೆತಿದೆ. ಗೋಡೆಯಾಚೆಯಿಂದ ದಿನಾ ಅವರ ದನಿ ಕೇಳುತ್ತದೆ:

"ಮಾತಾಡಬ್ಯಾಡ್ರಿ. ನೋಡಿ ಬರಕೋರಿ."