ಹಳೇ ಫೋಟೊ ತನ್ನಿ

ವಿದ್ಯಾರಣ್ಯಪುರದಲ್ಲಿ ಶಾಲಾ ವ್ಯಾನ್ ಓಡಿಸುತ್ತಿದ್ದ ಕಲಾವತಿಗೆ ಒಂದು ವರ್ಷದಿಂದ ಕಣ್ಣುರಿ. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣುಗುಡ್ಡೆ ಮುಂದಕ್ಕೆ ಬಂದಂತಿತ್ತು. ಒಬ್ಬ ತಾಯಿಯಂತೂ ಸಂಕೋಚದಿಂದಲೇ, "ಮೇಡಂ, ನೀವು ಗುರಾಯಿಸ್ತೀರಂತೆ, ನನ್ ಮಗಳು ವ್ಯಾನ್ ಹತ್ತಲ್ಲ ಅಂತಾಳೆ" ಎಂದಿದ್ದಳು.

ಅಕ್ಕ ದ್ರೌಪದಮ್ಮ ದಾಸರಹಳ್ಳಿಯಿಂದ ಬಂದಾಗಲೆಲ್ಲ ತಂಗಿಯ ಮುಖ ನೋಡಿ, "ಧೂಳು ಕಣೆ, ದಿನಾ ರೋಡಲ್ಲಿರ್ತೀಯ. ಸೌತೆಕಾಯಿ ಇಟ್ಕೋ, ಹೋಗುತ್ತೆ" ಎನ್ನುತ್ತಿದ್ದಳು. ತಾಯಿ ತೀರಿಕೊಂಡಾಗ ಕಲಾವತಿಗೆ ಆರು ವರ್ಷ, ಬೆಳೆಸಿದವಳು ಅಕ್ಕನೇ. ಅವಳು ಹೇಳಿದ ಮೇಲೆ ಮುಗಿಯಿತು. ಡಾಕ್ಟರಿಗೆ ತೋರಿಸದೆ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡಳು.

ಒಂದು ಬೆಳಿಗ್ಗೆ ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಮುಂದಿನ ಬಸ್ಸು ಎರಡಾಗಿ ಕಂಡಿತು. ವ್ಯಾನಿನಲ್ಲಿ ಹನ್ನೊಂದು ಮಕ್ಕಳಿದ್ದರು. ಹೇಗೋ ಪಕ್ಕಕ್ಕೆ ನಿಲ್ಲಿಸಿ, ಗಂಡ ಬಾಲರಾಜ್‌ಗೆ ಫೋನ್ ಮಾಡಿದಳು. ಅವನು ಬರುವ ತನಕ ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ.

ಕಣ್ಣಿನ ವೈದ್ಯೆ ಗುಡ್ಡೆ ಎಷ್ಟು ಮುಂದೆ ಬಂದಿದೆಯೆಂದು ಅಳೆದು, ಮೇಲೆ ಕೆಳಗೆ ನೋಡಿಸಿ ಹೇಳಿದರು: "ರೆಪ್ಪೆ ಮೇಲಕ್ಕೆ ಎಳ್ಕೊಂಡಿದೆ, ಕಪ್ಪುಗುಡ್ಡೆಯ ಮೇಲ್ಗಡೆ ಬಿಳಿ ಕಾಣ್ತಿದೆ ನೋಡಿ. ಥೈರಾಯ್ಡ್‌ನಿಂದ ಕಣ್ಣಿಗೆ ಬರೋ ಕಾಯಿಲೆ ಇರ್ಬೇಕು. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸೋಣ. ಮನೇಲಿ ಯಾರಿಗಾದ್ರೂ ಥೈರಾಯ್ಡ್ ಇದೆಯಾ?"

"ಇಲ್ಲ ಡಾಕ್ಟ್ರೇ."

"ಯಾವಾಗ ಶುರುವಾಯ್ತು ಅಂತ ಗೊತ್ತಾಗ್ಬೇಕು. ಹಳೇ ಫೋಟೊ ತನ್ನಿ."

ಮನೆಯಲ್ಲಿ ಗಂಡ ಹೆಂಡತಿ ಫೋಟೊ ಹುಡುಕಿದರು. ಕಲಾವತಿಯ ಕಣ್ಣು ಬದಲಾದದ್ದು ಹೋದ ಯುಗಾದಿಯ ಹೊತ್ತಿಗೆ. ಆದರೆ ನಾಲ್ಕು ವರ್ಷದ ಹಿಂದಿನ ಗೃಹಪ್ರವೇಶದ ಫೋಟೊದಲ್ಲಿ ಅಕ್ಕನ ಕಣ್ಣು ಹಾಗೇ ಇತ್ತು: ಅದೇ ರೆಪ್ಪೆ, ಅದೇ ಬಿಳಿ. ಆಮೇಲೆ ಒಂದು ವರ್ಷ ಎಲ್ಲ ಫೋಟೊದಲ್ಲೂ ಅಕ್ಕನಿಗೆ ಕಪ್ಪು ಕನ್ನಡಕ. ಪೊರೆ ಆಪರೇಷನ್ ಎಂದು ಹೇಳಿದ್ದಳು.

ಮರುದಿನವೇ ಕಲಾವತಿ ದಾಸರಹಳ್ಳಿಗೆ ಹೋದಳು.

"ಅಕ್ಕ, ನಿಂಗೂ ಇದೇ ಇತ್ತಾ?"

ದ್ರೌಪದಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಇತ್ತು. ಈಗ್ಲೂ ಥೈರಾಯ್ಡ್ ಮಾತ್ರೆ ತಗೋತೀನಿ."

"ನನ್ ಕಣ್ ನೋಡ್ದಾಗ ಗೊತ್ತಾಗ್ಲಿಲ್ವಾ?"

"ನೋಡಿದ್ ದಿನಾನೇ ಗೊತ್ತಾಯ್ತು. ಪದ್ಮಶ್ರೀಗೆ ಗಂಡು ನೋಡ್ತಿದ್ವಿ. ಹುಡುಗಿ ಅಮ್ಮಂಗೂ ಚಿಕ್ಕಮ್ಮಂಗೂ ಒಂದೇ ಕಾಯಿಲೆ ಅಂದ್ರೆ ಯಾರ್ ಬರ್ತಾರೆ? ಮದ್ವೆ ಆದ್ಮೇಲೆ ಹೇಳೋಣ ಅನ್ಕೊಂಡೆ."

"ವ್ಯಾನಲ್ಲಿ ಮಕ್ಳಿದ್ರು ಕಣಕ್ಕ."

ಅಕ್ಕ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು.

ಪರೀಕ್ಷೆಯಲ್ಲಿ ಅದೇ ಕಾಯಿಲೆಯೆಂದು ಖಚಿತವಾಗಿ ಚಿಕಿತ್ಸೆ ಶುರುವಾಯಿತು. ಥೈರಾಯ್ಡ್ ತಗ್ಗಿಸಲು ಮಾತ್ರೆ. ವಾರಕ್ಕೊಮ್ಮೆ, ಹನ್ನೆರಡು ವಾರ, ಡ್ರಿಪ್‌ನಲ್ಲಿ ಸ್ಟೀರಾಯ್ಡ್. ಹೊಗೆ ಕಣ್ಣಿಗೆ ಕೆಟ್ಟದ್ದೆಂದು ವೈದ್ಯೆ ಹೇಳಿದ್ದರಿಂದ ಬಾಲರಾಜ್ ಸಿಗರೇಟು ಬಿಟ್ಟ. ಮೊದಲ ವಾರ ದ್ರೌಪದಮ್ಮ ಉಪ್ಪಿಟ್ಟು ಕಟ್ಟಿಕೊಂಡು ಆಸ್ಪತ್ರೆಗೆ ಬಂದಳು. "ನೀನ್ ಹೋಗಕ್ಕ" ಎಂದು ಕಲಾವತಿ ಗೋಡೆಯ ಕಡೆ ತಿರುಗಿದಳು.

ಹನ್ನೆರಡನೇ ವಾರಕ್ಕೆ ನೋವು, ಕೆಂಪು ಹೋಗಿದ್ದವು. ವಿಶೇಷ ಕನ್ನಡಕ ಹಾಕಿದರೆ ನೇರ ನೋಟ ಒಂದಾಗುತ್ತಿತ್ತು. ಪಕ್ಕಕ್ಕೆ ನೋಡಿದರೆ ಈಗಲೂ ಎರಡು. "ಮೊದ್ಲೇ ಬಂದಿದ್ರೆ ಇಷ್ಟು ಉಳೀತಿರಲಿಲ್ವೇನೋ" ಎಂದರು ವೈದ್ಯೆ. ವ್ಯಾನನ್ನು ಬೇರೆಯವರು ಓಡಿಸತೊಡಗಿದರು.

ಕಲಾವತಿ ಪದ್ಮಶ್ರೀಗೆ ಫೋನ್ ಮಾಡಿ ಎಲ್ಲ ಹೇಳಿದಳು. ನೀನೂ ಒಂದ್ಸಲ ಪರೀಕ್ಷೆ ಮಾಡಿಸ್ಕೋ ಎಂದಳು. ಹುಡುಗಿಗೆ ಏನೂ ಇರಲಿಲ್ಲ. ಆದರೂ ಅಮ್ಮನನ್ನು ಕೇಳದೆ, ಅಷ್ಟರಲ್ಲಿ ನಿಶ್ಚಯವಾಗಿದ್ದ ಹುಡುಗನಿಗೆ ತಾನೇ ವಿಷಯ ತಿಳಿಸಿದಳು.

"ಏನಂದ?" ಎಂದು ಕೇಳಿದಳು ಕಲಾವತಿ.

"ಚಿಕ್ಕಮ್ಮ, 'ನಮ್ಮಮ್ಮನೂ ದಿನಾ ಥೈರಾಯ್ಡ್ ಮಾತ್ರೆ ನುಂಗ್ತಾರೆ' ಅಂದ್ರು. ಆಮೇಲೆ ಛತ್ರದ ವಿಷ್ಯ ಮಾತಾಡಿದ್ರು."

ಫೋನಿಟ್ಟ ಮೇಲೆ ಕಲಾವತಿ ತುಂಬ ಹೊತ್ತು ಅತ್ತಳು. ಯಾರೂ ಲೆಕ್ಕಿಸದ ಒಂದು ಮಾತಿಗಾಗಿ ಅಕ್ಕ ವರ್ಷವಿಡೀ ತನ್ನ ಕಣ್ಣು ಕೆಡುವುದನ್ನು ನೋಡುತ್ತ ಕೂತಿದ್ದಳು.

ಮದುವೆಗೆ ಹೋದಳು, ಪದ್ಮಶ್ರೀಗಾಗಿ. ಊಟದ ಪಂಕ್ತಿಯಲ್ಲಿ ಅಕ್ಕ ತಾನೇ ಹೋಳಿಗೆ ಬಡಿಸಲು ಬಂದಾಗ, ಕಲಾವತಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.