ಹೊರಗೆ ಮಲಗಿದ ಮಗು

ಗಾಡಿ ಖಾಲಿಯಾಗಿತ್ತು.

ಸಿರ್ಕಾ ಹೊದಿಕೆಯನ್ನು ಕಿತ್ತು ಹಿಮದ ಮೇಲೆ ಎಸೆದಳು. ಕೆಳಗೆ ಹಾಸಿದ್ದ ಕುರಿಯ ಚರ್ಮ ಎತ್ತಿ ನೋಡಿದಳು, ತಿರುಗಿಸಿ ಮತ್ತೊಮ್ಮೆ ನೋಡಿದಳು. ಐದು ತಿಂಗಳ ಮಗು ಅದರಡಿ ಅವಿತುಕೊಂಡಿರುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿಯೂ ಆಗ ಅವಳಲ್ಲಿ ಉಳಿದಿರಲಿಲ್ಲ. ಬಟ್ಟೆ ಒಗೆಯುತ್ತಿದ್ದವಳು ಹಾಗೇ ಇಳಿದು ಬಂದಿದ್ದಳು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಬೆರಳ ಮೇಲಿನ ಸೋಪಿನ ನೊರೆ ಆಗಲೇ ಗಟ್ಟಿಯಾಗುತ್ತಿತ್ತು.

"ವೆನ್ಲಾ!" ಎಂದು ಕೂಗಿದಳು. ಓಗೊಡಲಾರದ ಕೂಸನ್ನು ಹೆಸರು ಹಿಡಿದು ಕೂಗಿದ್ದಕ್ಕೆ ಆಮೇಲೆ ನಾವೆಲ್ಲ ಎಷ್ಟೋ ಸಲ ನಕ್ಕಿದ್ದೇವೆ. ಆವತ್ತು ಯಾರೂ ನಗಲಿಲ್ಲ.

ಇದು ತೊಂಬತ್ತಾರರ ಚಳಿಗಾಲದಲ್ಲಿ, ಸೊಂಗ್‌ಹುವಾ ನದಿಯ ದಂಡೆಯಲ್ಲಿರುವ ನಮ್ಮ ಕಾಗದದ ಕಾರ್ಖಾನೆಯ ವಠಾರದಲ್ಲಿ ನಡೆದದ್ದು. ಹೋದ ವರ್ಷ ಸಿರ್ಕಾ ನಮ್ಮನ್ನು ನೋಡಲು ಬಂದಾಗಲೂ ಇದನ್ನೇ ಹೇಳಿದಳು. ಆದರೆ ಕೂತು ಹೇಳಲಾರಳು. ಟೀ ಬಟ್ಟಲು ಹಿಡಿದು ಕೋಣೆಯ ಉದ್ದಗಲ ನಡೆಯುತ್ತಾಳೆ. ಗಾಡಿ ಖಾಲಿಯಾಗಿತ್ತು ಎನ್ನುವಲ್ಲಿಗೆ ಬಂದಾಗ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿ ಬರುತ್ತಾಳೆ. ಪಕ್ಕದಲ್ಲಿ ಇಪ್ಪತ್ತೇಳು ದಾಟಿದ ವೆನ್ಲಾ ಕೂತು ಕಡಲೆಕಾಯಿ ಸುಲಿಯುತ್ತಿದ್ದರೂ ಅಷ್ಟೇ.

ಸಿರ್ಕಾಳ ಗಂಡ ಯೊರ್ಮಾ ಹೊಸ ಯಂತ್ರ ಕೂರಿಸಲು ಫಿನ್‌ಲೆಂಡಿನಿಂದ ಬಂದ ಎಂಜಿನಿಯರ್. ಅವರ ಕಡೆ ಎಳೆಮಕ್ಕಳು ಚಳಿಗಾಲದಲ್ಲೂ ಹಗಲು ನಿದ್ದೆ ಮಾಡುವುದು ಅಂಗಳದಲ್ಲೇ. ಇಲ್ಲೋ, ಬಿಸಿನೀರಿನ ಕೊಳವೆಗಳು ಮನೆಯನ್ನು ಕಾಯಿಸಿ ಕಾಯಿಸಿ ಒಲೆ ಮಾಡಿಟ್ಟಿದ್ದವು. ಕಿಟಕಿಯ ಸಂದುಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿಯಾಗಿತ್ತು, ಇನ್ನು ವಸಂತದವರೆಗೆ ತೆರೆಯುವಂತಿಲ್ಲ. ಮಗು ಅತ್ತದ್ದೇ ಅತ್ತದ್ದು. ಮೂರು ವಾರ ತಾಯಿಮಗಳಿಬ್ಬರೂ ನೆಟ್ಟಗೆ ಕಣ್ಣು ಮುಚ್ಚಲಿಲ್ಲ. ಕೊನೆಗೊಂದು ಮಧ್ಯಾಹ್ನ, ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿದ್ದಾಗ, ಸಿರ್ಕಾ ಮಗುವನ್ನು ಉಣ್ಣೆಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ತನ್ನ ಕಿಟಕಿಯ ಕೆಳಗೆ ನಿಲ್ಲಿಸಿ ಮೇಲೆ ಹೋದಳು. ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಲೇ ಇಲ್ಲ.

ಖಾಲಿ ಗಾಡಿ ಕಂಡವಳು ಬಾಗಿಲು ಬಾಗಿಲು ಬಡಿಯುತ್ತ ಬಂದಳು. ನೆಲಮಹಡಿಯ ಕೊನೆಯ ಮನೆಯೊಳಗಿಂದ ಅಳು ಕೇಳಿಸಿತು. ಅದು ಗುವಾನ್ ಅಜ್ಜಿಯ ಮನೆ. ಕಾರ್ಖಾನೆಯ ಶಿಶುವಿಹಾರದಲ್ಲಿ ಮೂವತ್ತು ವರ್ಷ ದುಡಿದವಳು. ವಠಾರದ ಅರ್ಧ ಜನರ ಮೂಗು ಒರೆಸಿದವಳು, ನನ್ನದೂ ಸೇರಿ. ಅಂಗಳದಲ್ಲಿ ಒಟ್ಟಿದ್ದ ಎಲೆಕೋಸು ಚಳಿಗೆ ಕೆಡುತ್ತದೆಂದು ಒಳಗೆ ಸಾಗಿಸುತ್ತಿದ್ದಾಗ ಮಗು ಕಣ್ಣಿಗೆ ಬಿದ್ದಿತ್ತು. ಕೋಸು ಬಿಟ್ಟು ಮಗುವನ್ನು ಎತ್ತಿಕೊಂಡು ಓಡಿದ್ದಳು. ಈಗ ಅದು ಅವಳ ಮಂಚದ ಮೇಲೆ, ಮೂರು ಹತ್ತಿ ರಜಾಯಿಗಳ ನಡುವೆ ಬೆವೆತು ಕೆಂಪಾಗಿ ಕಿರುಚುತ್ತಿತ್ತು.

"ಬಂದ್ಯಾ ಮಹಾತಾಯಿ?" ಎಂದಳು ಅಜ್ಜಿ, ಮಗುವಿನ ಕಾಲುಚೀಲ ಕಳಚಿ ಪಾದ ಉಜ್ಜುತ್ತ. "ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಈ ಚಳೀಲಿ ನಾವು ಕೋಸನ್ನೇ ಹೊರಗೆ ಬಿಡಲ್ಲ. ನೀನು ಹೆತ್ತ ಕೂಸನ್ನ ಬಿಟ್ಟಿದೀಯಲ್ಲೇ!"

ಅಜ್ಜಿಯ ಮಾತಿನಲ್ಲಿ ಸಿರ್ಕಾಗೆ ಎಷ್ಟು ಅರ್ಥವಾಯಿತೋ! ಮಗುವನ್ನು ಕಿತ್ತುಕೊಂಡು, ಸಂತೆಯಲ್ಲಿ ಕೇಳಿ ಕಲಿತಿದ್ದ ಒಂದೇ ಬೈಗುಳವನ್ನು ಗಂಟಲು ಹರಿಯುವ ಹಾಗೆ ಕೂಗಿದಳು.

"ಕಳ್ಳಿ!"

ಅಷ್ಟು ಹೊತ್ತಿಗೆ ಬಾಗಿಲಲ್ಲಿ ನಾವು ಏಳೆಂಟು ಜನ ಸೇರಿದ್ದೆವು. ಅಜ್ಜಿ ಕೈಯಲ್ಲಿ ಉಳಿದಿದ್ದ ಒಂಟಿ ಕಾಲುಚೀಲವನ್ನು ಚಾಚಿದಳು. ಸಿರ್ಕಾ ಅದನ್ನೂ ತೆಗೆದುಕೊಳ್ಳದೆ ಹೊರಟುಹೋದಳು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂದೇ ಅವಳು ಯೊರ್ಮಾನಿಗೆ ಹೇಳಿಬಿಟ್ಟಳು: "ಭಾನುವಾರದ ರೈಲಿಗೆ ನಾವಿಬ್ಬರೂ ಹೊರಡ್ತೀವಿ. ನಿನ್ನ ಯಂತ್ರ ಮುಗಿದ ಮೇಲೆ ನೀನು ಬಾ."

"ಅದು ಮುಗಿಯೋಕೆ ಎರಡು ವರ್ಷ ಬೇಕು, ಸಿರ್ಕಾ. ಅಷ್ಟರಲ್ಲಿ ಅವಳಿಗೆ ನನ್ನ ಗುರುತೇ ಇರಲ್ಲ."

"ಇಲ್ಲಿ ಇದ್ರೆ ಅವಳು ಯಾರ ಮಗಳು ಅಂತ ನಂಗೇ ಗೊತ್ತಿರಲ್ಲ."

ಪೆಟ್ಟಿಗೆ ಕಟ್ಟಿದ್ದಾಯಿತು. ಎರಡು ದಿನ ಮಗು ಒಳಗೇ ಅತ್ತಿತು. ಸಿರ್ಕಾ ಮೆಟ್ಟಿಲಿಳಿದರೆ ನಮ್ಮ ಮಾತು ನಿಲ್ಲುತ್ತಿತ್ತು. ಮೂರನೆಯ ದಿನ ಶನಿವಾರ. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಏನಾದರಾಗಲಿ ಎಂದು ಗಾಡಿಯನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ ಮೇಲೆ ಬಂದು, ಕಿಟಕಿಗೆ ಕುರ್ಚಿ ಎಳೆದುಕೊಂಡು, ಗಾಜಿನ ಮೇಲಿನ ಹಿಮವನ್ನು ಚಮಚದಿಂದ ಕೆರೆದು ಕಾವಲು ಕೂತಳು. ಅವಳೊಬ್ಬಳೇ ಅಲ್ಲ, ಆ ಹೊತ್ತು ವಠಾರದ ಅಷ್ಟೂ ಕಿಟಕಿಗಳಲ್ಲಿ ಒಂದೊಂದು ಕಂಡಿ ಬಿದ್ದಿತ್ತು.

ಗುವಾನ್ ಅಜ್ಜಿ ಬಂದಳು, ಕಂಕುಳಲ್ಲಿ ಪುಟ್ಟ ಮಣೆ. ಗಾಡಿಯ ಪಕ್ಕ ಹಾಕಿಕೊಂಡು ಕಿಟಕಿಗೆ ಬೆನ್ನು ಮಾಡಿ ಕೂತಳು. ಕೈಗವಸು ಕಳಚಿ ಬರಿಗೈಯನ್ನು ಹೊದಿಕೆಯೊಳಗೆ ತೂರಿಸಿದಳು.

ಸಿರ್ಕಾ ದಡಕ್ಕನೆ ಎದ್ದಳು. ಎತ್ತಿಕೊಂಡರೆ ಓಡುತ್ತೇನೆ ಎಂದುಕೊಂಡಳು. ಅಜ್ಜಿ ಎತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು ಬಾಯಿಂದ ಊದಿಕೊಂಡು, ಇನ್ನೊಂದು ಕೈ ಒಳಗಿಟ್ಟಳು. ಸಿರ್ಕಾ ಕೂತಳು. ಮತ್ತೆ ಎದ್ದಳು. ಮತ್ತೆ ಕೂತು ಹಣೆಯನ್ನು ಗಾಜಿಗೆ ಒತ್ತಿದಳು. ಅಲ್ಲಿಂದ ಮುಂದೆ ಅವಳಿಗೆ ಏನೂ ನೆನಪಿಲ್ಲ.

ಎಚ್ಚರವಾದಾಗ ಗಾಜು ಬೂದಾಗಿತ್ತು. ಮೂರೂವರೆ, ನಮ್ಮಲ್ಲಿ ಬೆಳಕು ಮುಗಿಯುವ ಹೊತ್ತು. ಅದೇ ಚಪ್ಪಲಿಯಲ್ಲಿ ಉಸಿರುಗಟ್ಟಿ ಓಡಿ ಬಂದಳು.

"ಶ್! ಎಬ್ಬಿಸ್ಬೇಡ," ಎಂದಳು ಅಜ್ಜಿ. ಹುಬ್ಬೆಲ್ಲ ಹಿಮ ಕಟ್ಟಿತ್ತು. ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು. "ಕಾಲು ಬೆಚ್ಚಗಿದೆ. ನನ್ನ ಕೈಗಿಂತ ಬೆಚ್ಚಗಿದೆ. ಅದು ಹೇಗೋ, ನಂಗಂತೂ ಗೊತ್ತಿಲ್ಲಮ್ಮ."

ಸಿರ್ಕಾ ಹೊದಿಕೆ ಸರಿಸಿ ನೋಡಿದಳು. ಅಂದು ಬಿಟ್ಟುಹೋದ ಕಾಲುಚೀಲ ಮಗುವಿನ ಕಾಲಲ್ಲಿತ್ತು, ಅವಳು ತೊಡಿಸಿದ್ದರ ಮೇಲೆ ಇನ್ನೊಂದು. ನಿಂತಲ್ಲೇ ಅತ್ತಳು.

"ಕಳ್ಳಿ ಕೈಗೆ ಮಗು ಕೊಟ್ಟು ಗೊರಕೆ ಹೊಡೀತಿದ್ಯಲ್ಲೇ," ಎಂದಳು ಅಜ್ಜಿ, ಸೊಂಟ ಹಿಡಿದು ಏಳುತ್ತ. "ನಾಚಿಕೆ ಆಗಲ್ವಾ?"

"ಆಗತ್ತೆ," ಎಂದಳು ಸಿರ್ಕಾ. "ತುಂಬಾ ಆಗತ್ತೆ, ಅಜ್ಜಿ."

ಭಾನುವಾರದ ರೈಲು ಅವಳನ್ನು ಬಿಟ್ಟೇ ಹೋಯಿತು. ಅದರ ಕೂಗು ಕೇಳಿದಾಗ ಸಿರ್ಕಾ ಗಾಜು ಕೆರೆದು ಕೆಳಗೆ ಇಣುಕಿದಳು. ಚಳಿಗೆ ಹೆದರಿ ಅಜ್ಜಿ ಒಳಗೆ ಸಾಗಿಸುತ್ತಿದ್ದ ಎಲೆಕೋಸಿನ ರಾಶಿ ವಠಾರದ ಆ ತುದಿಯಿಂದ ಸಿರ್ಕಾಳ ಕಿಟಕಿಯ ಕೆಳಗೆ ಬಂದಿತ್ತು, ಹಳೆಯ ರಜಾಯಿ ಹೊದ್ದು. ಅದರ ಪಕ್ಕ ಗಾಡಿ ನಿಲ್ಲುವಷ್ಟು ಜಾಗದಲ್ಲಿ ಹಿಮ ಗುಡಿಸಿಯಾಗಿತ್ತು. ಎರಡರ ನಡುವೆ ಮಣೆ.